ಹಗ್ಗ ಹಿಡಿಯಲು ಜನ ಬೇಕು

ದಕ್ಷಿಣ ಅಮೆರಿಕದ ತುತ್ತತುದಿಯಲ್ಲಿರುವ ಉಶುವಾಯಾ ಬಂದರಿನಿಂದ ಅಂಟಾರ್ಕ್ಟಿಕಾಕ್ಕೆ ಹೊರಡುವ ಹಡಗುಗಳಲ್ಲಿ ‘ಯುರೋಪಾ’ ಕೂಡ ಒಂದು. ಅಕ್ಕಪಕ್ಕದಲ್ಲಿ ನಿಲ್ಲುವವು ಲಿಫ್ಟು, ಹೀಟರು, ಬಾಲ್ಕನಿಗಳಿರುವ ಪ್ರವಾಸಿ ಹಡಗುಗಳು. ಇದು ಮೂರು ಕೂವೆಮರಗಳ ಹಾಯಿಹಡಗು. 1911ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಕಟ್ಟಿದಾಗ ಇದಕ್ಕಿದ್ದದ್ದು ಎಲ್ಬೆ ನದಿಯಲ್ಲಿ ಲಂಗರು ಹಾಕಿ ನಿಂತು ಬೇರೆ ಹಡಗುಗಳಿಗೆ ದೀಪ ತೋರಿಸುವ ಕೆಲಸ. ದಶಕಗಳ ನಂತರ ಡಚ್ಚರು ಕೊಂಡೊಯ್ದು, 1994ರಲ್ಲಿ ಅದಕ್ಕೆ ಪಟ ಕಟ್ಟಿ ಸಾಗರಕ್ಕೆ ಬಿಟ್ಟರು. ಉದ್ದ 56 ಮೀಟರ್. ಖಾಯಂ ಸಿಬ್ಬಂದಿ ಇಪ್ಪತ್ತರ ಒಳಗೆ. ಉಳಿದ ನಲವತ್ತು-ಐವತ್ತು ಜನ ದುಡ್ಡು ಕೊಟ್ಟು ಹತ್ತಿದವರು. ಅವರಲ್ಲಿ ಹಿಂದೆಂದೂ ಪಟ ಮುಟ್ಟದವರೂ ಇರುತ್ತಾರೆ, ಸಮುದ್ರವನ್ನು ದಡದಿಂದ ಮಾತ್ರ ನೋಡಿದವರೂ ಇರುತ್ತಾರೆ. ಆದರೆ ಅವರನ್ನು ಯಾರೂ ಪ್ರಯಾಣಿಕರೆಂದು ಕರೆಯುವುದಿಲ್ಲ. ಹತ್ತಿದವರನ್ನೆಲ್ಲ ಕೆಂಪು, ಬಿಳಿ, ನೀಲಿ ಎಂದು ಮೂರು ಪಾಳಿಗಳಾಗಿ ಹಂಚುತ್ತಾರೆ. ಲಂಗರು ಎತ್ತುವ ಹೊತ್ತಿಗೆ ಆ ಕೈಗಳಲ್ಲಿ ಹಗ್ಗ ಬಂದಿರುತ್ತದೆ.

ಇಂಥ ಹಡಗಿನ ಸಿಬ್ಬಂದಿಯಾಗುವುದೆಂದರೆ ಏನು, ಆಗುವುದು ಹೇಗೆ ಎಂದು ಕೇಳುವ ತರುಣರು ನಮ್ಮಲ್ಲೂ ಇದ್ದಾರೆ. ಅವರಿಗೆ ಮೊದಲು ಹೇಳಬೇಕಾದ ಮಾತೊಂದಿದೆ: ಏನೂ ಗೊತ್ತಿಲ್ಲದವನು ಬಂದ ದಿನವೇ ನಿಜವಾಗಿ ಬೇಕಾಗುವ ಜಾಗಗಳು ಈಗ ಜಗತ್ತಿನಲ್ಲಿ ಹೆಚ್ಚು ಉಳಿದಿಲ್ಲ. ಕಾರ್ಖಾನೆಯಲ್ಲಿ, ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ ಹೊಸಬ ಮೊದಲು ಬದಿಗೆ ನಿಂತು ನೋಡಬೇಕು. ಹಾಯಿಹಡಗಿನಲ್ಲಿ ಹಾಗೆ ನಿಂತರೆ ಹಡಗು ಹೊರಳುವುದಿಲ್ಲ. ಅದಕ್ಕೆ ಬೇಕಾದದ್ದು ಜಾಣತನಕ್ಕಿಂತ ಮೊದಲು ತೂಕ. ಹತ್ತು ಜನರ ಮೈಭಾರ ಒಂದೇ ಹಗ್ಗದ ಮೇಲೆ ಒಂದೇ ಕ್ಷಣದಲ್ಲಿ ಬೀಳಬೇಕು.

ಇದರ ಹಿಂದೆ ಒಂದು ಆರ್ಥಿಕ ಇತಿಹಾಸವಿದೆ. ಉಗಿ ಎಂಜಿನ್ ಬಂದು ಹಾಯಿಹಡಗುಗಳು ಒಂದೊಂದಾಗಿ ಗುಜರಿಗೆ ಹೋಗುತ್ತಿದ್ದ ಕಾಲದಲ್ಲಿ ಫಿನ್ಲೆಂಡಿನ ಓಲಂಡ್ ದ್ವೀಪದ ಗುಸ್ತಾಫ್ ಎರಿಕ್ಸನ್ ಎಂಬ ವ್ಯಾಪಾರಿ ಅವನ್ನು ಅಗ್ಗದಲ್ಲಿ ಕೊಂಡು ಆಸ್ಟ್ರೇಲಿಯಾದ ಗೋಧಿಯನ್ನು ಕೇಪ್ ಹಾರ್ನ್ ಸುತ್ತಿ ಯುರೋಪಿಗೆ ತರಿಸುತ್ತಿದ್ದ. ಗಾಳಿಗೆ ಬೆಲೆಯಿಲ್ಲ, ಗೋಧಿಗೆ ಅವಸರವಿಲ್ಲ. ಆದರೂ ಲೆಕ್ಕ ಕೂಡಿಬರುತ್ತಿದ್ದದ್ದು ಇನ್ನೊಂದು ಕಾರಣಕ್ಕೆ. ಹಡಗಿನಲ್ಲಿ ಕೆಲಸ ಕಲಿಯಲು ಬರುವ ಹುಡುಗರು ಸಂಬಳ ಕೇಳುವ ಬದಲು ತಾವೇ ಹಣ ಕಟ್ಟುತ್ತಿದ್ದರು. 1938ರಲ್ಲಿ ಎರಿಕ್ ನ್ಯೂಬಿ ಎಂಬ ಹದಿನೆಂಟರ ಹುಡುಗ ಲಂಡನ್ನಿನ ಜಾಹೀರಾತು ಕಂಪನಿಯ ನೌಕರಿ ಬಿಟ್ಟು ‘ಮೊಶುಲು’ ಎಂಬ ನಾಲ್ಕು ಕೂವೆಮರದ ಹಡಗು ಸೇರಿದ್ದು ಹೀಗೆಯೇ, 50 ಪೌಂಡ್ ಕಟ್ಟಿ. ಹಡಗಿಗೆ ಕಾಲಿಟ್ಟ ದಿನವೇ, ಪೇಟೆಯಲ್ಲಿ ಹಾಕುವ ಬೂಟಿನಲ್ಲೇ ಅವನನ್ನು ಕೂವೆಮರ ಹತ್ತಿಸಿದರು. ಮುಂದೆ ದೊಡ್ಡ ಪ್ರವಾಸ ಸಾಹಿತಿಯಾದ ಆತ ಈ ಅನುಭವವನ್ನೇ 1956ರಲ್ಲಿ ಪುಸ್ತಕ ಮಾಡಿದ. ಮೊಶುಲು ಈಗ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕಟ್ಟಿಹಾಕಿದ ಒಂದು ರೆಸ್ಟೊರೆಂಟು.

1949ರಲ್ಲಿ ‘ಪಾಮಿರ್’ ಮತ್ತು ‘ಪಸಾಟ್’ ಹಡಗುಗಳು ಕೊನೆಯ ಸಲ ಆಸ್ಟ್ರೇಲಿಯಾದ ಧಾನ್ಯ ಹೊತ್ತು ಬಂದವು. ಅಲ್ಲಿಗೆ ಆ ವ್ಯಾಪಾರ ಮುಗಿಯಿತು. ಸರಕು ಹೋದ ಮೇಲೆ ದೊಡ್ಡ ಹಾಯಿಹಡಗು ಉಳಿಯಲು ಕಾರಣವೇ ಇರಲಿಲ್ಲ. ಉಳಿಸಿದ್ದು ಕಲಿಯಲು ಬಂದವರು. ಹಿಂದೆ ಗೋಧಿ ತುಂಬುತ್ತಿದ್ದ ಜಾಗದಲ್ಲಿ ಈಗ ಹೊಸಬರ ಮಂಚಗಳಿವೆ. ನಾರ್ವೆಯ ಬರ್ಗನ್ನಿನ ‘ಸ್ಟಾಟ್ಸ್‌ರಾಡ್ ಲೆಮ್‌ಕುಲ್’ ಹಡಗಿನಲ್ಲಿ ಮಂಚವೂ ಇಲ್ಲ. 1914ರ ಆ ಹಡಗಿನ ಕೆಳ ಅಂತಸ್ತಿನಲ್ಲಿ ಸಾಲುಸಾಲಾಗಿ ಜೋಲಿ ಕಟ್ಟಿ ಮಲಗುತ್ತಾರೆ. 1956ರಲ್ಲಿ ಇಂಗ್ಲೆಂಡಿನ ಟಾರ್ಕಿಯಿಂದ ಪೋರ್ಚುಗಲ್‌ನ ಲಿಸ್ಬನ್‌ವರೆಗೆ ನಡೆದ ಮೊದಲ ಟಾಲ್ ಶಿಪ್ (ದೊಡ್ಡ ಹಾಯಿಹಡಗು) ರೇಸನ್ನು ಹಾಯಿಹಡಗುಗಳ ಬೀಳ್ಕೊಡುಗೆ ಎಂದೇ ಅಂದುಕೊಂಡಿದ್ದರು. ಅದು ಇಂದಿಗೂ ನಡೆದಿದೆ. ಭಾಗವಹಿಸುವ ಪ್ರತಿ ಹಡಗಿನ ಸಿಬ್ಬಂದಿಯಲ್ಲಿ ಅರ್ಧದಷ್ಟು ಮಂದಿ 15ರಿಂದ 25 ವರ್ಷದವರಿರಬೇಕು ಎಂಬುದು ಅದರ ನಿಯಮ.

ಇನ್ನು ಕೆಲಸಕ್ಕೆ ಬರೋಣ. ಹೊಸಬರನ್ನು ಮೊದಲು ಹೆದರಿಸುವುದು ಎತ್ತರವಲ್ಲ, ಹಗ್ಗ. ಡೆಕ್ಕಿನ ಎರಡೂ ಅಂಚಿಗೆ, ಪ್ರತಿ ಕೂವೆಮರದ ಬುಡಕ್ಕೆ ಗೂಟಗಳ ಸಾಲು. ಒಂದೊಂದು ಗೂಟಕ್ಕೂ ಒಂದೊಂದು ಹಗ್ಗ ಸುತ್ತಿ ಸುರುಳಿ ತೂಗುಹಾಕಿರುತ್ತಾರೆ. ನೂರಕ್ಕೂ ಹೆಚ್ಚು ಹಗ್ಗಗಳು, ನೋಡಲು ಎಲ್ಲವೂ ಒಂದೇ. ಇವನ್ನು ಬಾಯಿಪಾಠ ಮಾಡಲು ಹೊರಟವರು ಎರಡೇ ದಿನದಲ್ಲಿ ಸೋಲುತ್ತಾರೆ. ಲೆಕ್ಕ ಹಿಡಿದವರಿಗೆ ಮಾತ್ರ ದಕ್ಕುತ್ತದೆ. ಚೌಕ ಪಟವೊಂದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಅದು ತೂಗುವುದು ಕೂವೆಮರಕ್ಕೆ ಅಡ್ಡಲಾಗಿ ಕಟ್ಟಿದ ದೂಲಕ್ಕೆ. ಆ ದೂಲವನ್ನು ಮೇಲೆತ್ತಲು ಒಂದು ಹಗ್ಗ. ಪಟದ ಕೆಳಗಿನ ಎರಡು ಮೂಲೆಗಳನ್ನು ಕೆಳಕ್ಕೆ ಬಿಗಿಯಲು ಒಂದು ಜೋಡಿ. ಅವೇ ಮೂಲೆಗಳನ್ನು ಮೇಲಕ್ಕೆ ಸೆಳೆದು ಪಟ ಮುಚ್ಚಲು ಇನ್ನೊಂದು ಜೋಡಿ. ಪಟದ ಹೊಟ್ಟೆಯನ್ನು ಎತ್ತಿ ಗಾಳಿ ಬಿಡಿಸಲು ಮತ್ತೆರಡು ಮೂರು. ದೂಲವನ್ನು ಎಡಕ್ಕೋ ಬಲಕ್ಕೋ ತಿರುಗಿಸಿ ಗಾಳಿಗೆ ಒಡ್ಡಲು ಕೊನೆಯ ಜೋಡಿ. ಒಂದು ಪಟದ್ದು ತಿಳಿದರೆ ಎಲ್ಲ ಪಟಗಳದ್ದೂ ತಿಳಿದಂತೆ, ಹೆಸರಷ್ಟೇ ಬೇರೆ. ಹಗ್ಗ ಕಟ್ಟುವ ಕ್ರಮ ಒಂದು ಹಡಗಿನಿಂದ ಇನ್ನೊಂದಕ್ಕೆ ಹೆಚ್ಚು ಬದಲಾಗುವುದೂ ಇಲ್ಲ. ಹಿಂದಿನ ಕಾಲದ ನಾವಿಕ ಅಪರಿಚಿತ ಹಡಗು ಹತ್ತಿದ ಮೊದಲ ರಾತ್ರಿಯೇ ಕತ್ತಲೆಯಲ್ಲಿ ತಡಕಾಡಿ ಸರಿಯಾದ ಹಗ್ಗ ಹಿಡಿಯುತ್ತಿದ್ದದ್ದು ಇದರಿಂದ.

ಗೂಟಕ್ಕೆ ಹಗ್ಗ ಸುತ್ತುವುದನ್ನು ಹತ್ತಿರದಿಂದ ನೋಡಬೇಕು. ಎಳೆದು ತಂದ ಹಗ್ಗವನ್ನು ಮೊದಲು ಗೂಟದ ಬುಡಕ್ಕೆ ಒಂದು ಸುತ್ತು ತರುತ್ತಾರೆ. ಭಾರವನ್ನು ನಿಜವಾಗಿ ಹೊರುವುದು ಈ ಸುತ್ತಿನ ಉಜ್ಜಾಟ. ಆಮೇಲೆ ಮೇಲೆ ಕೆಳಗೆ ಎಂಟರ ಆಕಾರದಲ್ಲಿ ಮೂರು ನಾಲ್ಕು ಸುತ್ತು. ಅಷ್ಟೇ. ಗಂಟು ಹಾಕುವ ಹಾಗಿಲ್ಲ. ಗಂಟು ಹಾಕಿದರೆ ಗಟ್ಟಿ ಎಂಬುದು ನೆಲದವರ ಭಾವನೆ. ಬಿರುಗಾಳಿ ಏಕಾಏಕಿ ಬಡಿದಾಗ ಹಗ್ಗವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಬಿಡಬೇಕು. ನೆನೆದು ಬಿಗಿದ ಗಂಟು ಆಗ ಬಿಚ್ಚುವುದಿಲ್ಲ, ಪಟ ಹರಿಯುತ್ತದೆ, ಇಲ್ಲವೇ ಅದರೊಡನೆ ದೂಲವೂ ಮುರಿದು ಬರುತ್ತದೆ. ಎಳೆಯುವಾಗ ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳಬಾರದು, ಡೆಕ್ಕಿನ ಮೇಲೆ ಬಿದ್ದ ಸುರುಳಿಯ ಒಳಗೆ ಕಾಲಿಡಬಾರದು. ಹಿಂದಿನವನು ಗೂಟಕ್ಕೆ ಸುತ್ತಿ ಮುಗಿಸಿ ಕೂಗಿ ಹೇಳುವ ತನಕ ಮುಂದಿನವನು ಕೈ ಬಿಡಬಾರದು. ಕೊಟ್ಟ ಆಜ್ಞೆಯನ್ನು ಕೇಳಿದವರು ಗಟ್ಟಿಯಾಗಿ ತಿರುಗಿ ಹೇಳಬೇಕು. ಗಾಳಿಯಲ್ಲಿ ಮಾತು ಹಾರಿಹೋಗುತ್ತದೆ. ಮರುನುಡಿ ಬಂದರೆ ಮಾತ್ರ ಮಾತು ತಲುಪಿದೆ ಎಂದು ಅರ್ಥ.

ಹಡಗನ್ನು ಗಾಳಿಗೆ ಎದುರಾಗಿ ಹೊರಳಿಸುವ ಹೊತ್ತಿನಲ್ಲಿ ಈ ಶಿಸ್ತಿನ ಬೆಲೆ ಗೊತ್ತಾಗುತ್ತದೆ. ಚೌಕ ಪಟದ ಹಡಗು ಗಾಳಿಗೆ ಮುಖ ಕೊಟ್ಟು ನೇರ ಹೋಗಲಾರದು. ಗಾಳಿ ಬರುವ ದಿಕ್ಕಿನಿಂದ ಅರವತ್ತು ಎಪ್ಪತ್ತು ಡಿಗ್ರಿ ಸರಿದು, ಒಮ್ಮೆ ಎಡಮಗ್ಗುಲಾಗಿ ಒಮ್ಮೆ ಬಲಮಗ್ಗುಲಾಗಿ ಅಂಕುಡೊಂಕು ಸಾಗಬೇಕು. ಮಗ್ಗುಲು ಬದಲಿಸುವಾಗ ಮೂತಿ ಗಾಳಿಯನ್ನು ದಾಟಿಹೋಗಬೇಕು. ನಿದ್ದೆಯಲ್ಲಿದ್ದ ಪಾಳಿಯವರನ್ನೂ ಆಗ ಎಬ್ಬಿಸುತ್ತಾರೆ. ಚುಕ್ಕಾಣಿಯವನು ಚಕ್ರ ತಿರುಗಿಸುತ್ತಾನೆ. ಮೂತಿಯ ತ್ರಿಕೋನ ಪಟಗಳನ್ನು ಸಡಿಲ ಬಿಡುತ್ತಾರೆ, ಹಿಂಬದಿಯ ಪಟವನ್ನು ಗಾಳಿಯತ್ತ ಎಳೆಯುತ್ತಾರೆ. ಹಡಗು ನಿಧಾನವಾಗಿ ಗಾಳಿಗೆ ಮುಖ ಎತ್ತುತ್ತದೆ, ಪಟಗಳೆಲ್ಲ ಪಟಪಟ ಬಡಿದುಕೊಳ್ಳುತ್ತವೆ, ವೇಗ ಸಾಯುತ್ತದೆ. ಈ ಕ್ಷಣದಲ್ಲಿ ಆಜ್ಞೆ ಬರುತ್ತದೆ. ನಡುವಿನ ಕೂವೆಮರದ ದೂಲಗಳನ್ನೆಲ್ಲ ಒಟ್ಟಿಗೆ ಆ ಬದಿಯಿಂದ ಈ ಬದಿಗೆ ತಿರುಗಿಸಬೇಕು. ಒಂದು ಅಂಚಿನವರು ಹಗ್ಗ ಬಿಡುತ್ತಾರೆ, ಇನ್ನೊಂದು ಅಂಚಿನವರು ಎಳೆಯುತ್ತಾ ಡೆಕ್ಕಿನುದ್ದ ಓಡುತ್ತಾರೆ. ಮುಂದಿನ ಕೂವೆಮರದ ಪಟಗಳು ಇನ್ನೂ ಹಳೆಯ ಮಗ್ಗುಲಲ್ಲೇ ಇವೆ. ಗಾಳಿ ಅವಕ್ಕೆ ಎದುರಿನಿಂದ ಬಡಿದು ಮೂತಿಯನ್ನು ಆಚೆಗೆ ನೂಕುತ್ತದೆ. ಮೂತಿ ದಾಟಿತು ಎಂದು ಕಂಡೊಡನೆ ಅವನ್ನೂ ತಿರುಗಿಸಬೇಕು. ಅರ್ಧ ನಿಮಿಷ ತಡವಾದರೂ ಹಡಗು ಗಾಳಿಗೆ ಮುಖ ಕೊಟ್ಟು ಮಿಸುಕಾಡದೆ ನಿಂತುಬಿಡುತ್ತದೆ, ಹಿಂದಕ್ಕೂ ಜಾರತೊಡಗುತ್ತದೆ. ನಮ್ಮ ಊರಿನ ತೇರು ಎಳೆದವರಿಗೆ ಇದು ಬೇಗ ಅರ್ಥವಾದೀತು. ಎಷ್ಟು ಬಲವಂತರಿದ್ದರೂ ಕೂಗಿಗೆ ಒಟ್ಟಾಗಿ ಮೈ ಕೊಡದಿದ್ದರೆ ಗಾಲಿ ಉರುಳುವುದಿಲ್ಲ.

ಆಧುನಿಕ ದೋಣಿಗಳಿಗೆ ಇಷ್ಟು ಜನ ಬೇಡ. ನಮ್ಮ ನೌಕಾಪಡೆಯ ‘ತಾರಿಣಿ’ 56 ಅಡಿಯ ಹಾಯಿದೋಣಿ. ಲೆಫ್ಟಿನೆಂಟ್ ಕಮಾಂಡರ್‌ಗಳಾದ ದಿಲ್ನಾ ಮತ್ತು ರೂಪಾ, ಇಬ್ಬರೇ, 2024ರ ಅಕ್ಟೋಬರಿನಲ್ಲಿ ಗೋವಾದಿಂದ ಹೊರಟು ಕೇಪ್ ಹಾರ್ನ್ ಹಾದು ಭೂಮಿಯನ್ನು ಸುತ್ತಿ 2025ರ ಮೇ ತಿಂಗಳಲ್ಲಿ ಮರಳಿದರು. ಅದು ಮಹಾ ಸಾಹಸ. ಅಂಥ ದೋಣಿಗೆ ಹೋಗುವವರು ವರ್ಷಗಟ್ಟಲೆ ಕಲಿತು ನುರಿತಿರಬೇಕು. ಹಳೆಯ ಬಗೆಯ ಹಡಗು ಹೊಸಬರನ್ನು ಕರೆಯುವುದು ಉದಾರತನದಿಂದಲ್ಲ, ಅವರಿಲ್ಲದೆ ನಡೆಯದು ಎಂಬ ಕಾರಣದಿಂದ. ಕಲಿಕೆಗೆ ಅದಕ್ಕಿಂತ ಒಳ್ಳೆಯ ಸ್ಥಿತಿ ಬೇರೆ ಇಲ್ಲ ಎಂದು ನಾನು ನಂಬುತ್ತೇನೆ.

ಕೂವೆಮರ ಹತ್ತುವುದು ಯುರೋಪಾದಂಥ ಹಡಗುಗಳಲ್ಲಿ ಕಡ್ಡಾಯವಲ್ಲ. ಹತ್ತದಿದ್ದರೂ ಡೆಕ್ಕಿನ ಮೇಲೆ ಕೆಲಸಕ್ಕೆ ಕೊರತೆಯಿಲ್ಲ. ಆದರೆ ಬಹಳ ಜನ ಹತ್ತುತ್ತಾರೆ. ಜೇಬು ಬರಿದು ಮಾಡಿಕೊಂಡು, ಚಾಕು ಕನ್ನಡಕಗಳನ್ನು ದಾರಕ್ಕೆ ಕಟ್ಟಿಕೊಂಡು, ಸೊಂಟಕ್ಕೆ ಹಾರ್ನೆಸ್ ಬಿಗಿದು ಗಾಳಿ ಬಡಿಯುವ ಬದಿಯಿಂದಲೇ ಏರಬೇಕು. ಹಾಗೆ ಏರಿದರೆ ಗಾಳಿ ನಿಮ್ಮನ್ನು ಹಗ್ಗದ ಏಣಿಗೆ ಒತ್ತಿ ಹಿಡಿಯುತ್ತದೆ. ಇನ್ನೊಂದು ಬದಿಯಿಂದ ಏರಿದರೆ ಸಮುದ್ರದತ್ತ ಕೀಳುತ್ತದೆ. ಕೈ ಹಿಡಿಯಬೇಕಾದದ್ದು ಕೂವೆಮರವನ್ನು ಬಿಗಿದು ನಿಲ್ಲಿಸಿದ ನೆಟ್ಟನೆಯ ತಂತಿಹಗ್ಗಗಳನ್ನು. ಕಾಲಿಡುವ ಅಡ್ಡ ಮೆಟ್ಟಿಲನ್ನು ಕೈಯಲ್ಲಿ ಹಿಡಿಯಬಾರದು, ಸವೆದ ಮೆಟ್ಟಿಲು ಕಿತ್ತು ಬರಬಹುದು. ಅರ್ಧ ದಾರಿಯಲ್ಲಿ ಸಣ್ಣ ಅಟ್ಟವೊಂದು ಬರುತ್ತದೆ. ಅದನ್ನು ಹತ್ತುವ ಏಣಿ ಹೊರಮುಖವಾಗಿ ಬಾಗಿದೆ. ಅಲ್ಲಿ ನಾಲ್ಕೈದು ಹೆಜ್ಜೆ ಬೆನ್ನು ಸಮುದ್ರಕ್ಕೆ ಕೊಟ್ಟು ಜೋತುಕೊಂಡೇ ಏರಬೇಕು. ಹೆಚ್ಚಿನವರು ತಡೆದು ನಿಲ್ಲುವುದು ಈ ಜಾಗದಲ್ಲಿ.

ಅಲ್ಲಿಂದ ಮುಂದೆ ಅಡ್ಡದೂಲದ ಮೇಲೆ ಬದಿಗೆ ಸರಿಯಬೇಕು. ಕಾಲಿಗೆ ಸಿಗುವುದು ದೂಲದ ಕೆಳಗೆ ಜೋಲಿಯಂತೆ ಇಳಿಬಿಟ್ಟ ಒಂದೇ ಹಗ್ಗ. ಅದರ ಮೇಲೆ ಹೊಸದಾಗಿ ಒಬ್ಬರು ಕಾಲಿಟ್ಟರೆ ಮೊದಲೇ ನಿಂತವರು ಮೇಲಕ್ಕೆ ಚಿಮ್ಮುತ್ತಾರೆ. ಅದಕ್ಕಾಗಿ ಕಾಲಿಡುವ ಮೊದಲು ಕೂಗಿ ಹೇಳುವುದು ನಿಯಮ. ಹಾರ್ನೆಸ್ಸಿನ ಕೊಕ್ಕೆಯನ್ನು ದೂಲದುದ್ದಕ್ಕೂ ಓಡುವ ಕಬ್ಬಿಣದ ಸರಳಿಗೆ ಸಿಕ್ಕಿಸಿ, ಹೊಟ್ಟೆಯನ್ನು ದೂಲಕ್ಕೆ ಒತ್ತಿ, ಬಾಗಿ, ಗಾಳಿ ತುಂಬಿ ಬಿರುಸಾದ ಪಟದ ಬಟ್ಟೆಯನ್ನು ಹಿಡಿಹಿಡಿಯಾಗಿ ಮೇಲೆಳೆದು ಮಡಚಬೇಕು. ಒಂದು ಕೈ ಹಡಗಿಗೆ, ಒಂದು ಕೈ ನಿನಗೆ ಎಂಬ ನಾವಿಕರ ಮಾತು ಇಲ್ಲಿ ಹುಟ್ಟಿದ್ದು. ಒಬ್ಬರೇ ಎಳೆದರೆ ಬಟ್ಟೆ ಕೈಜಾರಿ ಮತ್ತೆ ಉಬ್ಬಿಕೊಳ್ಳುತ್ತದೆ. ಪಕ್ಕದವರು ತಮ್ಮ ಮಡಿಕೆಯನ್ನು ಹೊಟ್ಟೆಯಡಿ ಒತ್ತಿ ಹಿಡಿದಿದ್ದರೆ ಮಾತ್ರ ನಿಮ್ಮದು ನಿಲ್ಲುತ್ತದೆ.

ಹಗಲಿನ ಈ ಕೆಲಸಗಳಿಗಿಂತ ಮನಸ್ಸಿನಲ್ಲಿ ಉಳಿಯುವುದು ರಾತ್ರಿಯ ಪಾಳಿ. ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ಬಿಡುವು ಎಂಬುದು ಸಾಮಾನ್ಯ ಲೆಕ್ಕ. ಮಧ್ಯರಾತ್ರಿ ಹನ್ನೆರಡಕ್ಕೆ ಎದ್ದು ನಾಲ್ಕರ ತನಕ ನಿಲ್ಲುವುದು ಮೊದಲ ಎರಡು ದಿನ ಹಿಂಸೆ, ಹೊಟ್ಟೆ ತೊಳಸುತ್ತಿದ್ದರಂತೂ ಕೇಳಬೇಡಿ. ಸಮುದ್ರದ ಹೊಟ್ಟೆ ತೊಳಸು ಬಹುತೇಕ ಎಲ್ಲರಿಗೂ ಬರುತ್ತದೆ. ಎರಡು ಮೂರು ದಿನಕ್ಕೆ ತಗ್ಗುತ್ತದೆ. ಒಣ ರೊಟ್ಟಿ, ಶುಂಠಿ, ಗುಟುಕು ಗುಟುಕಾಗಿ ನೀರು, ದಿಗಂತದ ಮೇಲೆ ಕಣ್ಣು. ಇವುಗಳ ಜೊತೆಗೆ ಅನುಭವಿಗಳು ಕೊಡುವ ಇನ್ನೊಂದು ಔಷಧ ಚುಕ್ಕಾಣಿ. ಹಡಗು ಯಾವ ಕಡೆ ಓಲಲಿದೆ ಎಂದು ಮೊದಲೇ ಊಹಿಸುವ ಕೆಲಸ ಸಿಕ್ಕರೆ ಮೈ ತಾನಾಗಿ ಹೊಂದಿಕೊಳ್ಳುತ್ತದೆ. ಹೊಸಬರು ಚುಕ್ಕಾಣಿಯಲ್ಲಿ ಮಾಡುವ ತಪ್ಪು ಒಂದೇ ಬಗೆಯದು. ದಿಕ್ಸೂಚಿಯ ಮುಳ್ಳು ಸರಿಯಿತೆಂದು ಚಕ್ರ ತಿರುಗಿಸುತ್ತಾರೆ, ಹಡಗು ಕೇಳಲಿಲ್ಲವೆಂದು ಇನ್ನಷ್ಟು ತಿರುಗಿಸುತ್ತಾರೆ. ನೂರಾರು ಟನ್ನಿನ ಹಡಗಿಗೆ ಮಾತು ಮುಟ್ಟಲು ಹೊತ್ತು ಬೇಕು. ಅದು ತಿರುಗತೊಡಗಿದ ಮೇಲೆ ನಿಲ್ಲಿಸಲು ಇನ್ನೂ ಹೊತ್ತು ಬೇಕು. ಸ್ವಲ್ಪ ತಿರುಗಿಸಿ ಕಾಯುವುದು, ಹೊರಳುವ ಮೊದಲೇ ಚಕ್ರವನ್ನು ವಾಪಸು ತರುವುದು ಕೈಗೆ ಹತ್ತಿದರೆ ಹಿಂದೆ ನೀರಿನಲ್ಲಿ ಉಳಿಯುವ ಗೆರೆ ನೆಟ್ಟಗಾಗುತ್ತದೆ. ಇನ್ನಿಬ್ಬರು ಮೂತಿಯಲ್ಲಿ ನಿಂತು ಕಾವಲು ಕಾಯುತ್ತಾರೆ. ಅಂಟಾರ್ಕ್ಟಿಕಾದ ನೀರಿನಲ್ಲಿ ಅವರ ಕಣ್ಣು ಹುಡುಕುವುದು ಅಲೆಗಳ ನಡುವೆ ಮುಳುಗೇಳುವ ಸಣ್ಣ ಮಂಜುಗಡ್ಡೆಗಳನ್ನು. ದೊಡ್ಡವು ರೆಡಾರಿಗೆ ಸಿಗುತ್ತವೆ, ಸಣ್ಣವು ಸಿಗದೆಯೂ ಹೋಗಬಹುದು. ಆ ಹೊತ್ತಿಗೆ ಹಡಗಿನ ಕ್ಷೇಮ ವಾರದ ಹಿಂದಷ್ಟೇ ಬಂದ ಒಬ್ಬರ ಕಣ್ಣಿನಲ್ಲಿದೆ.

ಉಳಿದ ಸಮಯದಲ್ಲಿ ತುಕ್ಕು ಕೆರೆಯುವುದು, ಬಣ್ಣ ಬಳಿಯುವುದು, ಡೆಕ್ ತೊಳೆಯುವುದು, ಹರಿದ ಪಟ ಹೊಲಿಯುವುದು, ಅಡುಗೆಕೋಣೆಯಲ್ಲಿ ಆಲೂಗಡ್ಡೆ ಸುಲಿಯುವುದು. ಖಾಯಂ ಸಿಬ್ಬಂದಿಗೆ ಇದಕ್ಕೆ ಕೊನೆಯೇ ಇಲ್ಲ. 2020ರ ಮಾರ್ಚ್ 27ರಂದು ಕೋವಿಡ್ಡಿನಿಂದ ಬಂದರುಗಳೆಲ್ಲ ಮುಚ್ಚುತ್ತಿದ್ದಾಗ ಯುರೋಪಾದ 19 ಸಿಬ್ಬಂದಿ ಅತಿಥಿಗಳಿಲ್ಲದೆ ಉಶುವಾಯಾದಿಂದ ಹೊರಟು, ಎಲ್ಲೂ ದಡ ಮುಟ್ಟದೆ 81 ದಿನ ಸಾಗಿ ಜೂನ್ 16ರಂದು ನೆದರ್ಲೆಂಡ್ಸಿನ ಸ್ಖೆವೆನಿಂಗನ್ ತಲುಪಿದರು. ಅರವತ್ತು ಜನರ ಹಗ್ಗಗಳನ್ನು ಹತ್ತೊಂಬತ್ತು ಜನ ಎಳೆದದ್ದು ಹಡಗಿನವರ ಲೋಕದಲ್ಲಿ ಈಗಲೂ ಆಡಿಕೊಳ್ಳುವ ಸಂಗತಿ.

ಇಷ್ಟೆಲ್ಲ ಓದಿದ ಮೇಲೆ ಇದು ಗಟ್ಟಿಮುಟ್ಟಾದ ಮೈಯವರಿಗೆ ಮಾತ್ರ ಎಂದು ಯಾರಾದರೂ ಅಂದುಕೊಂಡರೆ ಅವರಿಗೆ ‘ಲಾರ್ಡ್ ನೆಲ್ಸನ್’ ಬಗ್ಗೆ ಹೇಳಬೇಕು. ಬ್ರಿಟನ್ನಿನ ಜುಬಿಲಿ ಸೈಲಿಂಗ್ ಟ್ರಸ್ಟ್ 1980ರ ದಶಕದಲ್ಲಿ ಇಳಿಸಿದ ಈ ಹಡಗನ್ನು, ಆಮೇಲೆ 2000ದಲ್ಲಿ ಬಂದ ‘ಟೆನೇಶಿಯಸ್’ ಎಂಬ ಮರದ ಹಡಗನ್ನು, ಅಂಗವಿಕಲರೂ ಇತರರೂ ಒಟ್ಟಾಗಿ ನಡೆಸಲೆಂದೇ ವಿನ್ಯಾಸ ಮಾಡಿದ್ದರು. ಡೆಕ್ಕಿನಿಂದ ಡೆಕ್ಕಿಗೆ ಗಾಲಿಕುರ್ಚಿಯ ಲಿಫ್ಟು. ಕಣ್ಣು ಕಾಣದವರು ಚುಕ್ಕಾಣಿ ಹಿಡಿಯಲು ದಿಕ್ಕನ್ನು ಧ್ವನಿಯಲ್ಲಿ ಹೇಳುವ ದಿಕ್ಸೂಚಿ. ಗಾಲಿಕುರ್ಚಿಯವರು ಕೂವೆಮರದ ಮೇಲಿಂದ ಸಮುದ್ರ ನೋಡಬೇಕೆಂದರೆ ಉಳಿದವರು ಹಗ್ಗ ಎಳೆದು ಕುರ್ಚಿಸಮೇತ ಮೇಲೆತ್ತುತ್ತಿದ್ದರು. ಅದು ದಯೆ ತೋರಿಸುವ ಹಡಗಾಗಿರಲಿಲ್ಲ. ಪ್ರತಿಯೊಬ್ಬರಿಗೂ ಪಾಳಿಯಿತ್ತು, ಪ್ರತಿ ಪಾಳಿಗೂ ಕೆಲಸವಿತ್ತು. ಹಣದ ಅಡಚಣೆಯಿಂದ 2023ರಲ್ಲಿ ಆ ಟ್ರಸ್ಟ್ ಮುಚ್ಚಿದ್ದು ದೊಡ್ಡ ನಷ್ಟ. ಹಾಯಿಹಡಗಿನ ಖರ್ಚು ಅಂಥದು. ಕಟ್ಟುವುದು ಒಂದು ಸಲ, ಉಳಿಸಿಕೊಳ್ಳುವುದು ಪ್ರತಿದಿನ.

ಆ ಲಾರ್ಡ್ ನೆಲ್ಸನ್ನನ್ನು ವಿನ್ಯಾಸ ಮಾಡಿದ ಕಾಲಿನ್ ಮೂಡಿ ಎಂಬ ಬ್ರಿಟಿಷ್ ವಿನ್ಯಾಸಕಾರನೇ ನಮ್ಮ ನೌಕಾಪಡೆಯ ‘ತರಂಗಿಣಿ’ಯ ನಕ್ಷೆ ಬರೆದವನು. ಗೋವಾ ಶಿಪ್‌ಯಾರ್ಡಿನಲ್ಲಿ ಕಟ್ಟಿ 1997ರ ನವೆಂಬರಿನಲ್ಲಿ ಸೇವೆಗೆ ಸೇರಿಸಿದ ಈ ಹಡಗು 54 ಮೀಟರ್ ಉದ್ದ, ಮೂರು ಕೂವೆಮರ. ನೆಲೆ ಕೊಚ್ಚಿ. 2003ರ ಜನವರಿಯಲ್ಲಿ ಹೊರಟು ಭೂಮಿಯನ್ನು ಸುತ್ತಿ 2004ರಲ್ಲಿ ಮರಳಿತು. ಅದೇ ಗೋವಾ ಶಿಪ್‌ಯಾರ್ಡಿನಿಂದ 2012ರ ಜನವರಿಯಲ್ಲಿ ತಂಗಿ ಹಡಗು ‘ಸುದರ್ಶಿನಿ’ಯೂ ಬಂತು. ನೌಕಾಧಿಕಾರಿಯಾಗಲು ಹೊರಟ ಕೆಡೆಟ್‌ಗಳು ಕ್ಷಿಪಣಿ, ರೆಡಾರುಗಳ ಹಡಗಿಗೆ ಹೋಗುವ ಮೊದಲು ಇವುಗಳಲ್ಲಿ ಹಗ್ಗ ಎಳೆಯುತ್ತಾರೆ. ಒಂದೊಂದು ಸಲಕ್ಕೆ ಮೂವತ್ತರಷ್ಟು ಮಂದಿ. ಯುದ್ಧನೌಕೆಗೆ ಪಟ ಬೇಕಿಲ್ಲ, ಗಾಳಿ ಮತ್ತು ಅಲೆಯನ್ನು ಮೈಯಿಂದ ಬಲ್ಲ ಅಧಿಕಾರಿ ಬೇಕು ಎಂಬುದು ಇದರ ಹಿಂದಿನ ವಿಚಾರ. ಕರ್ನಾಟಕದ ಹುಡುಗ ಹುಡುಗಿಯರಿಗೆ ನಿಜವಾದ ಟಾಲ್ ಶಿಪ್ ಹತ್ತಲು ಅತಿ ನೇರವಾದ ದಾರಿ ಇದೇ. ಅದಕ್ಕೂ ಮೊದಲಿನ ಮೆಟ್ಟಿಲಾಗಿ ಎನ್‌ಸಿಸಿಯ ನೌಕಾ ವಿಭಾಗವಿದೆ. ಬೆಂಗಳೂರು, ಮಂಗಳೂರುಗಳಲ್ಲಿ ಅದರ ಘಟಕಗಳಿದ್ದು, ಹುಟ್ಟು ಹಾಕುವುದು, ಪಟ ಕಟ್ಟುವುದು, ಗಂಟು ಬಿಗಿಯುವುದು ಅಲ್ಲೇ ಶುರುವಾಗುತ್ತದೆ.

ನೌಕಾಪಡೆ ಬೇಡ, ಬಿಡುವು ಮಾಡಿಕೊಂಡು ಒಂದು ಪ್ರಯಾಣ ಮಾಡಿ ಬರುತ್ತೇನೆ ಎನ್ನುವವರು ಹಣ ಕೂಡಿಸಬೇಕು. ಹಡಗು ಹತ್ತುವ ದೇಶದ್ದೂ ಇಳಿಯುವ ದೇಶದ್ದೂ ವೀಸಾ ಮಾಡಿಸಬೇಕು. ವೈದ್ಯಕೀಯ ತಪಾಸಣೆ, ವಿಮೆ, ಒಳ್ಳೆಯ ಮಳೆಯಂಗಿ ಬೇಕು. ಅಂಟಾರ್ಕ್ಟಿಕಾದ ಪ್ರಯಾಣ ದುಬಾರಿ. ಯುರೋಪಿನ ಕರಾವಳಿಯ ಒಂದು ವಾರದ ಪ್ರಯಾಣ ಅದಕ್ಕಿಂತ ಎಷ್ಟೋ ಅಗ್ಗ, ಕಲಿಯಲು ಅಷ್ಟೇ ಸಾಕು. ಅದನ್ನೇ ವೃತ್ತಿ ಮಾಡಿಕೊಳ್ಳುವ ಹಂಬಲವಿದ್ದರೆ ನೌಕಾಯಾನ ಮಹಾನಿರ್ದೇಶನಾಲಯದ ಮಾನ್ಯತೆಯುಳ್ಳ ಸಂಸ್ಥೆಯಲ್ಲಿ ಮೂಲ ಸುರಕ್ಷತಾ ತರಬೇತಿ ಪಡೆಯಬೇಕು. ನೀರಿನಲ್ಲಿ ಬದುಕುಳಿಯುವುದು, ಬೆಂಕಿ ನಂದಿಸುವುದು, ಪ್ರಥಮ ಚಿಕಿತ್ಸೆ ಇತ್ಯಾದಿ ಅದರಲ್ಲಿ ಬರುತ್ತವೆ. ನಾವಿಕರ ಗುರುತಿನ ಪುಸ್ತಕವಾದ ಸಿಡಿಸಿಯನ್ನೂ ಮಾಡಿಸಿಕೊಳ್ಳಬೇಕು. ಇಂದು ವಿದೇಶಿ ಹಾಯಿಹಡಗುಗಳಲ್ಲಿ ಖಾಯಂ ಸಿಬ್ಬಂದಿಯಾಗಿರುವ ಎಷ್ಟೋ ಮಂದಿ ಮೊದಲು ಹಣ ಕೊಟ್ಟು ಕಲಿಯಲು ಹತ್ತಿದವರೇ. ಸಂಬಳ ಸರಕು ಹಡಗಿನಷ್ಟು ಸಿಗುವುದಿಲ್ಲ ಎಂಬುದನ್ನು ಮನೆಯವರಿಗೆ ಮೊದಲೇ ಹೇಳುವುದು ಒಳ್ಳೆಯದು. ಇನ್ನೊಂದು ಎಚ್ಚರಿಕೆ: ಹಡಗಿನಲ್ಲಿ ಕೆಲಸ ಕೊಡಿಸುತ್ತೇನೆಂದು ನಾವಿಕನಿಂದ ಏಜೆಂಟ್ ಹಣ ಪಡೆಯುವುದು ಅಂತರರಾಷ್ಟ್ರೀಯ ಕಾರ್ಮಿಕ ಒಪ್ಪಂದಕ್ಕೇ ವಿರುದ್ಧ. ಪರವಾನಗಿ ಇರುವ ಏಜೆನ್ಸಿ ಯಾವುದೆಂದು ಮಹಾನಿರ್ದೇಶನಾಲಯದ ಪಟ್ಟಿಯಲ್ಲಿ ನೋಡಿಯೇ ಮುಂದುವರಿಯಿರಿ.

ಹಡಗನ್ನು ಆರಿಸುವಾಗ ಅದರ ಚೆಲುವಿಗೆ ಮರುಳಾಗಬೇಡಿ. 1957ರ ಸೆಪ್ಟೆಂಬರ್ 21ರಂದು ಪಾಮಿರ್ ಅಟ್ಲಾಂಟಿಕ್‌ನಲ್ಲಿ ಚಂಡಮಾರುತಕ್ಕೆ ಸಿಕ್ಕಿತು. ಹೊಟ್ಟೆಯಲ್ಲಿ ಸಡಿಲವಾಗಿ ತುಂಬಿದ್ದ ಬಾರ್ಲಿ ಒಂದೇ ಬದಿಗೆ ಸರಿದು ಹಡಗು ಮಗುಚಿತು. ಇದ್ದ 86 ಮಂದಿಯಲ್ಲಿ ಉಳಿದವರು ಆರೇ. ಸತ್ತವರಲ್ಲಿ ಹೆಚ್ಚಿನವರು ಕಲಿಯಲು ಬಂದ ಹುಡುಗರು. ಸಿನಿಮಾಕ್ಕಾಗಿ ಕಟ್ಟಿದ್ದ ‘ಬೌಂಟಿ’ 2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತ ಬರುತ್ತಿದೆ ಎಂದು ಗೊತ್ತಿದ್ದೂ ಬಂದರು ಬಿಟ್ಟು ಮುಳುಗಿತು. 16 ಜನರಲ್ಲಿ ಕ್ಯಾಪ್ಟನ್ ಸೇರಿ ಇಬ್ಬರು ತೀರಿಕೊಂಡರು. ಹೊರಟದ್ದೇ ತಪ್ಪು ಎಂದು ತನಿಖೆ ಹೇಳಿತು. ಆದ್ದರಿಂದ ಕೇಳಬೇಕಾದದ್ದನ್ನು ಕೇಳಿ: ತಪಾಸಣೆಯ ಪ್ರಮಾಣಪತ್ರ ಇದೆಯೇ? ನುರಿತ ಸಿಬ್ಬಂದಿ ಎಷ್ಟು ಜನ? ಮೇಲೆ ಹತ್ತುವಾಗ ಕೊಕ್ಕೆ ಕಡ್ಡಾಯವೇ? ಹವಾಮಾನ ಕೆಟ್ಟರೆ ದಿನಾಂಕ ಮುಂದೂಡುತ್ತಾರೆಯೇ? ಈ ಪ್ರಶ್ನೆಗಳಿಗೆ ಬೇಸರಪಡುವ ಹಡಗನ್ನು ಹತ್ತಬೇಡಿ.

ನಮ್ಮ ಕರಾವಳಿಗೆ ಪಟ ಹೊಸದಲ್ಲ. ಮಂಗಳೂರಿನ ಹಂಚು ಮುಂಬೈ ಕಡೆಗೆ ಹೋದದ್ದು ಪತೇಮಾರಿಗಳೆಂಬ ಹಾಯಿಹಡಗುಗಳಲ್ಲಿ. ಲಕ್ಷದ್ವೀಪದವರ ಅಕ್ಕಿ, ತರಕಾರಿ, ಮನೆ ಕಟ್ಟುವ ಸಾಮಾನು ಮಂಗಳೂರು ಹಳೆ ಬಂದರಿನಿಂದ ಮಂಜಿಗಳೆಂಬ ಮರದ ಹಡಗುಗಳಲ್ಲಿ ಹೋಗುತ್ತಿತ್ತು. ಮಂಜಿಗಳು ಈಗಲೂ ಹೋಗುತ್ತವೆ, ಎಂಜಿನ್ ಹಾಕಿಕೊಂಡು. ಅವುಗಳದ್ದು ಚೌಕ ಪಟವಾಗಿರಲಿಲ್ಲ, ಓರೆಯಾಗಿ ಏರುವ ದೊಡ್ಡ ತ್ರಿಕೋನ ಪಟ. ಅದನ್ನು ಒಂದು ಮಗ್ಗುಲಿಂದ ಇನ್ನೊಂದಕ್ಕೆ ಹಾಯಿಸುವುದು ಬೇರೆಯೇ ವಿದ್ಯೆ.

ಆ ವಿದ್ಯೆಗೂ ಹಳೆಯದೊಂದು ಇತ್ತೀಚೆಗೆ ಮರಳಿ ನೀರಿಗಿಳಿಯಿತು. ಅಜಂತಾ ಗುಹೆಯ ಐದನೇ ಶತಮಾನದ ಚಿತ್ರದಲ್ಲಿರುವ ಹಡಗನ್ನು ಮಾದರಿಯಾಗಿಟ್ಟುಕೊಂಡು, ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು ಗೋವಾದಲ್ಲಿ ಕಟ್ಟಿದ ‘ಕೌಂಡಿನ್ಯ’ವನ್ನು 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿಸಿದರು. ಹೊಲಿಗೆಯ ಕೆಲಸದ ಮುಂದಾಳು ಕೇರಳದ ಬಾಬು ಶಂಕರನ್. ಪಟದ ಮೇಲೆ ಗಂಡಭೇರುಂಡ. ಎಂಜಿನ್ ಇಲ್ಲ, ಚುಕ್ಕಾಣಿಯ ಚಕ್ರದ ಬದಲು ಹಿಂಬದಿಯಲ್ಲಿ ಹುಟ್ಟುಗಳು. ಇಂಥ ಹಡಗನ್ನು ನಡೆಸಿ ಬಲ್ಲವರು ಬದುಕಿರುವವರಲ್ಲಿ ಯಾರೂ ಇರಲಿಲ್ಲ. ಸಿಬ್ಬಂದಿ ಸಮುದ್ರದಲ್ಲೇ ಪ್ರಯೋಗ ಮಾಡುತ್ತ ಕಲಿತರು. ಅದೇ ವರ್ಷದ ಡಿಸೆಂಬರ್ 29ರಂದು ಗುಜರಾತಿನ ಪೋರಬಂದರಿನಿಂದ ಹೊರಟು 2026ರ ಜನವರಿ 14ರಂದು ಒಮಾನಿನ ಮಸ್ಕತ್ ಮುಟ್ಟಿದರು. ಅಲ್ಲಿ ಹಳಬ ಹೊಸಬ ಎಂಬ ಭೇದಕ್ಕೆ ಜಾಗವೇ ಇರಲಿಲ್ಲ, ಎಲ್ಲರೂ ಹೊಸಬರು.

ತರಂಗಿಣಿ, ಸುದರ್ಶಿನಿ, ಕೌಂಡಿನ್ಯ ಮೂರೂ ನೌಕಾಪಡೆಯವು. ಸಮವಸ್ತ್ರ ತೊಡದ ಹದಿನೆಂಟರ ಹುಡುಗಿಯೊಬ್ಬಳು ಹೊನ್ನಾವರದಲ್ಲೋ ಹಾಸನದಲ್ಲೋ ಕುಳಿತು ಹಾಯಿಹಡಗು ಹತ್ತಬೇಕೆಂದುಕೊಂಡರೆ ವಿದೇಶಕ್ಕೇ ಹೋಗಬೇಕು, ಲಕ್ಷಗಟ್ಟಲೆ ಸುರಿಯಬೇಕು. ಮುನ್ನೂರು ಕಿಲೋಮೀಟರಿಗೂ ಹೆಚ್ಚು ಕರಾವಳಿ ಇರುವ ರಾಜ್ಯಕ್ಕೆ ಇದು ತಕ್ಕದ್ದಲ್ಲ. 54 ಮೀಟರಿನ ಹಡಗೇ ಬೇಕೆಂದಿಲ್ಲ. ಹಳೆಯದೊಂದು ಮಂಜಿಗೆ ಮತ್ತೆ ಕೂವೆಮರ ನಿಲ್ಲಿಸಿ, ಇಪ್ಪತ್ತು ಜನ ಹೊಸಬರನ್ನು ಹತ್ತಿಸಿಕೊಂಡು, ಮಳೆಗಾಲ ಕಳೆದ ಮೇಲೆ ಮಂಗಳೂರಿನಿಂದ ಕಾರವಾರಕ್ಕೆ ಹೋಗಿಬರುವ ತರಬೇತಿ ಹಡಗೊಂದು ಸಾಕು. ಬಂದರು ಇಲಾಖೆ, ಮೀನುಗಾರಿಕಾ ಕಾಲೇಜು, ಕರಾವಳಿಯ ವಿಶ್ವವಿದ್ಯಾಲಯಗಳು ಕೂಡಿದರೆ ಆಗದ ಕೆಲಸವಲ್ಲ. ಕಲಿಸುವವರನ್ನು ಹೊರಗಿನಿಂದ ಕರೆಸುವ ಅಗತ್ಯವೂ ಇಲ್ಲ. ಎಂಜಿನ್ ಬರುವ ಮೊದಲು ಪಟ ಬಿಚ್ಚಿ ಆಳಸಮುದ್ರಕ್ಕೆ ಹೋದ ತಂಡೇಲರು, ಖಲಾಸಿಗಳು ನಮ್ಮ ಬಂದರು ಊರುಗಳಲ್ಲಿ ಇನ್ನೂ ಇದ್ದಾರೆ. ಅವರಿಗೆ ಈಗ ವಯಸ್ಸು ಎಪ್ಪತ್ತು ಎಂಬತ್ತು ದಾಟಿದೆ. ಕೇಳುವುದಿದ್ದರೆ ಈ ವರ್ಷವೇ ಹೋಗಿ ಕೇಳಬೇಕು.